ಪಂಕ್ತಿಭೇದವೂ ಮನೋಭೇದವೂ

ನಮ್ಮ ಕನ್ನಡದಲ್ಲಿ ‘ಪಂಕ್ತಿಭೇದ’ವೆಂಬ ಒಂದು ಹಳೆಯ ಮಾತುಂಟು. ಒಂದೇ ಹೊತ್ತಿನಲ್ಲಿ ಹಸಿದು ಬಂದ ಇಬ್ಬರನ್ನು ಬೇರೆ ಬೇರೆ ಸಾಲುಗಳಲ್ಲಿ ಕುಳ್ಳಿರಿಸಿ, ಒಬ್ಬರಿಗೆ ಒಂದು ವಿಧವಾಗಿಯೂ ಮತ್ತೊಬ್ಬರಿಗೆ ಇನ್ನೊಂದು ವಿಧವಾಗಿಯೂ ಬಡಿಸುವುದಕ್ಕೆ ಆ ಹೆಸರು. ಎಲೆಯ ಮುಂದೆ ಕಾಣುವ ಈ ಭೇದಕ್ಕಿಂತ ಮೊದಲೇ, ಕಣ್ಣಿಗೆ ಕಾಣದ ಇನ್ನೊಂದು ಭೇದವು ಬಡಿಸುವವರ ಮನಸ್ಸಿನಲ್ಲಿ ಆಗಿಹೋಗಿರುತ್ತದೆ. ಅದನ್ನು ವಿದ್ವಾಂಸರು ‘ಪೂರ್ವಗ್ರಹ’ವೆಂದು ಕರೆಯುತ್ತಾರೆ. ಎಂದರೆ, ಒಬ್ಬ ಮನುಷ್ಯನನ್ನು ಕಂಡು, ಮಾತನಾಡಿಸಿ, ತಿಳಿದುಕೊಳ್ಳುವುದಕ್ಕೆ ಮುಂಚೆಯೇ, ಅವನು ಹುಟ್ಟಿದ ಕುಲ, ಆಡುವ ಭಾಷೆ, ವಾಸಿಸುವ ಕೇರಿ ಇವುಗಳನ್ನು ಕೇಳಿ ಅವನ ವಿಷಯದಲ್ಲಿ ತೀರ್ಮಾನ ಮಾಡಿಕೊಂಡಿರುವುದು. ಇದು ಹೇಗೆ ಹುಟ್ಟುತ್ತದೆ, ಹೇಗೆ ಬೆಳೆಯುತ್ತದೆ, ಯಾವ ಉಪಾಯದಿಂದ ಕರಗುತ್ತದೆ ಎಂಬುದನ್ನು ಸಮಾಜ ಮನಶ್ಶಾಸ್ತ್ರವೆಂಬ ವಿದ್ಯೆಯು ಸುಮಾರು ನೂರು ವರ್ಷಗಳಿಂದ ಪರೀಕ್ಷಿಸುತ್ತ ಬಂದಿದೆ. ಮನಸ್ಸಿನ ಶಾಸ್ತ್ರವು ನಮಗೆ ತೀರ ಪರಕೀಯವಾದುದೂ ಅಲ್ಲ. 1924ರಷ್ಟು ಹಿಂದೆಯೇ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಅದಕ್ಕೆ ಒಂದು ವಿಭಾಗವನ್ನು ಸ್ಥಾಪಿಸಿದರು.

ಈ ಶಾಲೆಯ ಹಳೆಯ ವಿದ್ಯಾರ್ಥಿನಿಯರಿಗೂ, ನಮ್ಮನ್ನು ನಂಬಿ ಮಕ್ಕಳನ್ನು ಕಳುಹಿಸುತ್ತಿರುವ ತಾಯಿತಂದೆಗಳಿಗೂ ಈ ವಿಷಯದಲ್ಲಿ ನಾನು ಅರಿಕೆಮಾಡತಕ್ಕದ್ದು ಇಷ್ಟೇ: ಪೂರ್ವಗ್ರಹವು ದುಷ್ಟರ ಮನೆಯಲ್ಲಿ ಮಾತ್ರ ಬೆಳೆಯುವ ಗಿಡವಲ್ಲ. ಅದು ಸಜ್ಜನರ ಅಂಗಳದಲ್ಲಿಯೂ, ವಾತ್ಸಲ್ಯವುಳ್ಳ ತಾಯಂದಿರ ಮಡಿಲಲ್ಲಿಯೂ ಚೆನ್ನಾಗಿ ಬೆಳೆಯುತ್ತದೆ. ಅದನ್ನು ಬರಿಯ ಉಪದೇಶದಿಂದ ಕಿತ್ತುಹಾಕಲಾಗುವುದಿಲ್ಲ. ಮಕ್ಕಳು ಸಮಾನರಾಗಿ ಕೂಡಿ ಉಣ್ಣುವ, ಕೂಡಿ ದುಡಿಯುವ ಏರ್ಪಾಟಿನಿಂದ ಕೀಳಬಹುದು. ಈ ಏರ್ಪಾಟು ಬಹುಮಟ್ಟಿಗೆ ತಾಯಂದಿರ ಮತ್ತು ಉಪಾಧ್ಯಾಯಿನಿಯರ ಕೈಯಲ್ಲಿದೆ.

ಮೊದಲು, ಇದು ಹುಟ್ಟುವ ಬಗೆಯನ್ನು ನೋಡೋಣ. ವಸ್ತುಗಳನ್ನು ವಿಂಗಡಿಸುವುದು ಮನಸ್ಸಿನ ಸಹಜ ಧರ್ಮ. ರಾಗಿಯಿಂದ ಕಲ್ಲನ್ನು ಬೇರ್ಪಡಿಸಲರಿಯದವಳು, ಕರೆಯುವ ಹಸುವಿಗೂ ಹಾಯುವ ಹಸುವಿಗೂ ಭೇದವನ್ನು ತಿಳಿಯದವಳು ಸಂಸಾರವನ್ನು ನಡೆಸಲಾರಳು. ಆದರೆ ಧಾನ್ಯವನ್ನು ವಿಂಗಡಿಸುವಂತೆ ಮನುಷ್ಯರನ್ನೂ ವಿಂಗಡಿಸಲು ಹೊರಟಾಗ ಕೇಡು ಮೊದಲಾಗುತ್ತದೆ. ವಾಲ್ಟರ್ ಲಿಪ್‌ಮನ್ ಎಂಬ ಅಮೆರಿಕದ ಪತ್ರಿಕಾಲೇಖಕನು 1922ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದಕ್ಕೆ ಅಚ್ಚುಕೂಟದಿಂದಲೇ ಒಂದು ಮಾತನ್ನು ತೆಗೆದುಕೊಂಡು ‘ಸ್ಟೀರಿಯೋಟೈಪ್’ ಎಂದನು. 1841ರಲ್ಲಿ ಸ್ಥಾಪಿತವಾದ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದ ಪುಸ್ತಕಗಳನ್ನು ಓದಿ ಬೆಳೆದ ಮನೆತನಗಳಿಗೆ ಈ ಹೋಲಿಕೆಯು ಸುಲಭವಾಗಿ ತಿಳಿದೀತು. ಮೊಳೆಗಳನ್ನು ಒಂದೊಂದಾಗಿ ಜೋಡಿಸಿದ ಪುಟದಲ್ಲಿ ತಪ್ಪಿದ ಅಕ್ಷರವನ್ನು ತೆಗೆದು ಸರಿಯಾದುದನ್ನು ಇಡಬಹುದು. ಆದರೆ ಇಡೀ ಪುಟಕ್ಕೆ ಎರಕಹೊಯ್ದು ಒಂದೇ ತಗಡನ್ನು ಮಾಡಿಕೊಂಡ ಮೇಲೆ, ಅದರಿಂದ ಸಾವಿರ ಪ್ರತಿಗಳನ್ನು ತೆಗೆದರೆ ಸಾವಿರದಲ್ಲಿಯೂ ಅದೇ ತಪ್ಪು ಬರುತ್ತದೆ. ‘ಆ ಜಾತಿಯವರು ಹೀಗೆಯೇ’, ‘ಆ ಭಾಷೆಯವರು ನಂಬತಕ್ಕವರಲ್ಲ’ ಎಂದು ನಾವು ಆಡುವ ಮಾತುಗಳು ಇಂಥ ಎರಕದ ತಗಡುಗಳು. ಎದುರಿಗೆ ಬಂದ ಹೊಸ ಮನುಷ್ಯನನ್ನು ನಾವು ಓದುವುದಿಲ್ಲ. ನಮ್ಮ ಹಳೆಯ ತಗಡನ್ನು ಅವನ ಮೇಲೆ ಒತ್ತುತ್ತೇವೆ.

ಹೀಗೆ ವಿಂಗಡಿಸಿದ ಮೇಲೆ ‘ನಮ್ಮವರು’, ‘ಹೊರಗಿನವರು’ ಎಂಬ ಎರಡು ಪಾಳೆಯಗಳಾಗುತ್ತವೆ. ಹೆನ್ರಿ ತಾಜ್‌ಫೆಲ್ ಎಂಬ ವಿದ್ವಾಂಸನು 1970ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆಯು ಇದನ್ನು ತಿಳಿಸುತ್ತದೆ. ಈತನು ಪೋಲೆಂಡಿನ ಯೆಹೂದ್ಯ. ಎರಡನೆಯ ಮಹಾಯುದ್ಧದಲ್ಲಿ ತನ್ನ ಬಂಧುಗಳನ್ನು ಕಳೆದುಕೊಂಡು, ಯುದ್ಧಕೈದಿಯಾಗಿದ್ದು ಬದುಕಿ ಬಂದವನು. ನೆರೆಯವರು ನೆರೆಯವರಿಗೆ ಹೇಗೆ ಶತ್ರುಗಳಾದರೆಂಬುದು ಅವನಿಗೆ ಪುಸ್ತಕದ ಪ್ರಶ್ನೆಯಾಗಿರಲಿಲ್ಲ. ಇಂಗ್ಲೆಂಡಿನ ಬ್ರಿಸ್ಟಲ್ ಪಟ್ಟಣದ ಶಾಲಾಬಾಲಕರನ್ನು ಅವನು ಎರಡು ಗುಂಪುಮಾಡಿದನು. ತೆರೆಯ ಮೇಲೆ ಕಂಡ ಚುಕ್ಕೆಗಳನ್ನು ಹೆಚ್ಚಾಗಿ ಎಣಿಸಿದವರು ಒಂದು ಕಡೆ, ಕಡಮೆಯಾಗಿ ಎಣಿಸಿದವರು ಇನ್ನೊಂದು ಕಡೆ ಎಂದು ಅವರಿಗೆ ಹೇಳಲಾಯಿತು. ಅದಕ್ಕಿಂತ ಹೆಚ್ಚಿನ ಯಾವ ಸಂಬಂಧವೂ ಅವರೊಳಗೆ ಇರಲಿಲ್ಲ. ಆದರೂ ಹಣವನ್ನು ಹಂಚಲು ಹೇಳಿದಾಗ ಹುಡುಗರು ತಮ್ಮ ಗುಂಪಿನವರಿಗೆ ಹೆಚ್ಚು ಕೊಟ್ಟರು. ತಮ್ಮವರಿಗೆ ಒಟ್ಟಿನಲ್ಲಿ ಸ್ವಲ್ಪ ಕಡಮೆಯಾದರೂ ಚಿಂತೆಯಿಲ್ಲ, ಎದುರಿನವರಿಗಿಂತ ಮೇಲಾಗಿದ್ದರೆ ಸಾಕೆಂಬ ಹಟವೂ ಅವರಲ್ಲಿ ಕಂಡಿತು. ಚುಕ್ಕೆಗಳ ನಿಮಿತ್ತವಾಗಿ ಇಷ್ಟು ಭೇದವಾಗುವುದಾದರೆ, ತಲೆತಲಾಂತರದ ಕಥೆಗಳೂ ಹೊಲದ ಬದುಗಳೂ ಸೇರಿದಾಗ ಎಷ್ಟಾಗಲಾರದು?

ಇದಕ್ಕೆ ದೂರದೇಶದ ಉದಾಹರಣೆಗಳೇ ಬೇಕಾಗಿಲ್ಲ. ಅಜ್ಜೀಪುರ, ರಾಮಾಪುರ, ಹನೂರುಗಳ ಸುತ್ತಿನ ನಮ್ಮ ಸೀಮೆಯು ಹಲವು ಜನಗಳ ಬೀಡು. ಕೊಳ್ಳೇಗಾಲದ ಈ ಪ್ರಾಂತವು 1956ರ ಪರ್ಯಂತ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಇಲ್ಲಿ ಕನ್ನಡದ ಒಕ್ಕಲುಗಳುಂಟು. ಮಾರ್ಟಳ್ಳಿಯ ಕಡೆ ತಮಿಳಾಡುವ ಕ್ರೈಸ್ತ ಕುಟುಂಬಗಳುಂಟು. ಬೆಟ್ಟಗಳಲ್ಲಿ ಸೋಲಿಗರ ಪೋಡುಗಳುಂಟು. ಒಡೆಯರಪಾಳ್ಯದಲ್ಲಿ 1970ರ ದಶಕದಿಂದ ನೆಲೆನಿಂತ ಟಿಬೆಟ್ಟಿನವರುಂಟು. ಇಂಥ ಸೀಮೆಯ ಮೇಲೆ ವೀರಪ್ಪನ್ ಎಂಬ ಒಬ್ಬ ಕಾಡುಗಳ್ಳನ ನೆರಳು ಬಿದ್ದಾಗ ಏನಾಯಿತೆಂಬುದನ್ನು ನಮ್ಮ ಹಿರಿಯರು ಮರೆತಿಲ್ಲ. 1992ರಲ್ಲಿ ರಾಮಾಪುರದ ಪೊಲೀಸ್ ಠಾಣೆಯ ಮೇಲೆ ದಾಳಿಯಾಯಿತು. 1993ರ ಏಪ್ರಿಲಿನಲ್ಲಿ ಪಾಲಾರಿನ ಬಳಿ ನೆಲಬಾಂಬಿನಿಂದ ಅನೇಕರು ಹತರಾದರು. ಈ ಘೋರಕೃತ್ಯಗಳನ್ನು ಯಾರೂ ಸಮರ್ಥಿಸಲಾರರು. ಆದರೆ ಅವನನ್ನು ಹುಡುಕುವ ಕಾಲದಲ್ಲಿ ಬೆಟ್ಟದಂಚಿನ ಹಳ್ಳಿಗಳ ಬಡಜನರೆಲ್ಲರೂ ಸಂಶಯಕ್ಕೆ ಗುರಿಯಾದರು. ಪೊಲೀಸರ ಕಣ್ಣಿಗೆ ಅವರು ಕಳ್ಳನಿಗೆ ಅಕ್ಕಿ ಕೊಡುವವರು; ಕಳ್ಳನ ಕಣ್ಣಿಗೆ ಪೊಲೀಸರಿಗೆ ಸುದ್ದಿ ಕೊಡುವವರು. ಮೈಸೂರಿನ ವಿಶೇಷ ನ್ಯಾಯಾಲಯವು 2001ರಲ್ಲಿ ತೀರ್ಪುಕೊಟ್ಟಾಗ ಆಪಾದಿತರಲ್ಲಿ ನೂರಕ್ಕೆ ಮಿಕ್ಕ ಜನರು ಬಿಡುಗಡೆಯಾದರು. ಅಷ್ಟು ಹೊತ್ತಿಗೆ ಅವರಲ್ಲಿ ಅನೇಕರ ಆಯುಷ್ಯದ ಹಲವು ವರ್ಷಗಳು ಸೆರೆಮನೆಯಲ್ಲಿ ಕಳೆದುಹೋಗಿದ್ದವು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 1999ರಲ್ಲಿ ನ್ಯಾಯಮೂರ್ತಿ ಎ. ಜೆ. ಸದಾಶಿವ ಅವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿಯನ್ನು ನೇಮಿಸಿತು. 2007ರಲ್ಲಿ 89 ಮಂದಿ ಬಾಧಿತರಿಗೆ ಪರಿಹಾರಧನವನ್ನು ಕೊಡಬೇಕೆಂದು ಶಿಫಾರಸು ಮಾಡಿತು. ನಮ್ಮವರಲ್ಲಿ ಒಬ್ಬನು ಕೆಟ್ಟರೆ ‘ಅವನು ಕೆಟ್ಟ’ ಎನ್ನುತ್ತೇವೆ. ಹೊರಗಿನವರಲ್ಲಿ ಒಬ್ಬನು ಕೆಟ್ಟರೆ ‘ಅವರೆಲ್ಲ ಹಾಗೆಯೇ’ ಎನ್ನುತ್ತೇವೆ. ಹೊರಗುಂಪಿನವರೆಲ್ಲರೂ ಒಂದೇ ಬಗೆಯವರೆಂದು ಕಾಣುವ ಈ ದೃಷ್ಟಿದೋಷವನ್ನು ಸಮಾಜ ಮನಶ್ಶಾಸ್ತ್ರವು ವಿಶೇಷವಾಗಿ ಗುರುತಿಸಿದೆ.

ಸಂಶಯಕ್ಕೆ ಭಯವಾದರೂ ಒಂದು ನೆಪವಾಗಿತ್ತೆನ್ನೋಣ. ಯಾವ ಭಯವೂ ಇಲ್ಲದ ಕಡೆಯಲ್ಲಿ ಬರಿಯ ಅಭ್ಯಾಸಬಲದಿಂದಲೇ ಭೇದವು ನಿಲ್ಲುವುದುಂಟು. ನಮ್ಮ ಜಿಲ್ಲೆಯದೇ ಆದ ಹೆಗ್ಗೋಠಾರ ಗ್ರಾಮದಲ್ಲಿ 2022ರ ನವೆಂಬರಿನಲ್ಲಿ, ಮದುವೆಗೆಂದು ಬಂದಿದ್ದ ಒಬ್ಬ ದಲಿತ ಸ್ತ್ರೀಯು ಬೀದಿಯ ತೊಟ್ಟಿಯ ನಲ್ಲಿಯಿಂದ ನೀರು ಕುಡಿದಳು. ಆಕೆ ಹೋದ ಮೇಲೆ ತೊಟ್ಟಿಯ ನೀರನ್ನೆಲ್ಲ ಹೊರಕ್ಕೆ ಹರಿಯಬಿಟ್ಟು, ಗೋಮೂತ್ರದಿಂದ ಅದನ್ನು ತೊಳೆದರೆಂದು ವರ್ತಮಾನಪತ್ರಿಕೆಗಳು ವರದಿಮಾಡಿದವು. ಅಧಿಕಾರಿಗಳು ಬಂದು, ಊರಿನ ದಲಿತರನ್ನು ಕರೆದುಕೊಂಡುಹೋಗಿ ಸಾರ್ವಜನಿಕ ನಲ್ಲಿಗಳಲ್ಲಿ ನೀರು ಕುಡಿಸಿದರು. ಅಸ್ಪೃಶ್ಯತೆಯನ್ನು ನಮ್ಮ ಸಂವಿಧಾನದ 17ನೆಯ ವಿಧಿಯು 1950ರಲ್ಲಿಯೇ ರದ್ದುಮಾಡಿತು. 1955ರ ಕಾಯಿದೆಯು ಅದರ ಆಚರಣೆಯನ್ನು ಶಿಕ್ಷಾರ್ಹವನ್ನಾಗಿ ಮಾಡಿತು. ಕಾಯಿದೆ ಬಂದು ಎರಡು ತಲೆಮಾರುಗಳು ಕಳೆದ ಮೇಲೆಯೂ ಒಂದು ಬೊಗಸೆ ನೀರಿಗೆ ತೊಟ್ಟಿ ಬರಿದಾಗುವುದಾದರೆ, ಆ ಕಲ್ಪನೆಯನ್ನು ಇಷ್ಟು ಕಾಲ ಕಾಪಾಡಿಕೊಂಡು ಬಂದವರು ಯಾರು? ಪಠ್ಯಪುಸ್ತಕಗಳು ಅದನ್ನು ಕಲಿಸಿಲ್ಲ. ಅದು ಮನೆಯ ಹಿತ್ತಲಲ್ಲಿ, ಪ್ರತ್ಯೇಕವಾಗಿ ಇಟ್ಟ ಲೋಟದ ಮೂಲಕ, ಮಾತಿಲ್ಲದೆಯೇ ತಾಯಿಯಿಂದ ಮಗುವಿಗೆ ಇಳಿದುಬಂದಿರುತ್ತದೆ.

ಇದಕ್ಕಿಂತ ಹತ್ತಿರದ ಸಂಗತಿ ಇನ್ನೊಂದುಂಟು. ಅದು ಶಾಲೆಯ ಅಡಿಗೆಮನೆಗೆ ಸಂಬಂಧಿಸಿದುದು. ಕರ್ನಾಟಕದಲ್ಲಿ 2002ರಲ್ಲಿ ಮೊದಲಾದ ಬಿಸಿಯೂಟಕ್ಕೆ ‘ಅಕ್ಷರ ದಾಸೋಹ’ವೆಂದು ಹೆಸರಿಡಲಾಯಿತು. ದಾಸೋಹವೆಂಬುದು ಹನ್ನೆರಡನೆಯ ಶತಮಾನದ ಶರಣರು ನಮಗೆ ಬಿಟ್ಟುಹೋದ ಮಾತು. ಅಲ್ಲಿ ಉಣ್ಣುವವನ ಕುಲವನ್ನೂ ಬಡಿಸುವವಳ ಕುಲವನ್ನೂ ಕೇಳುವಂತಿಲ್ಲ. ಹೀಗಿದ್ದರೂ 2025ರ ಜೂನ್ ತಿಂಗಳಿನಲ್ಲಿ ಚಾಮರಾಜನಗರದ ಬಳಿಯ ಹೊಮ್ಮ ಗ್ರಾಮದ ಸರಕಾರಿ ಶಾಲೆಯ ಸಮಾಚಾರವು ಪತ್ರಿಕೆಗಳಲ್ಲಿ ಬಂದಿತು. ದಲಿತ ಸ್ತ್ರೀಯೊಬ್ಬರು ಮುಖ್ಯ ಅಡಿಗೆಯವರಾಗಿ ನೇಮಕವಾದ ಮೇಲೆ, ಇದ್ದ 22 ಮಕ್ಕಳಲ್ಲಿ ಬಹುಮಂದಿ ಊಟವನ್ನು ಬಿಟ್ಟರೆಂದೂ, ಹೆತ್ತವರು ಒಬ್ಬರಾದ ಮೇಲೊಬ್ಬರು ವರ್ಗಾವಣೆಯ ಪತ್ರವನ್ನು ಪಡೆದು, ಕಡೆಗೆ ಒಂದೇ ಮಗು ಉಳಿಯಿತೆಂದೂ ವರದಿಯಾಯಿತು. ಹೆತ್ತವರು ಜಾತಿಯ ಕಾರಣವನ್ನು ಒಪ್ಪಲಿಲ್ಲ. ಪಾಠವು ಚೆನ್ನಾಗಿಲ್ಲವೆಂದು ಹೇಳಿದರು. ಅಧಿಕಾರಿಗಳು ಊರಿಗೆ ಹೋಗಿ ಅವರೊಂದಿಗೆ ಮಾತನಾಡಿದರು. ಪ್ರತಿಯೊಬ್ಬ ತಾಯಿಯ ಮನಸ್ಸಿನಲ್ಲಿ ಏನಿತ್ತೆಂದು ನಾವು ತೀರ್ಪುಕೊಡುವುದು ಉಚಿತವಲ್ಲ. ಹಾಗೆ ತೀರ್ಪುಕೊಟ್ಟರೆ ನಾವೂ ಪೂರ್ವಗ್ರಹಕ್ಕೆ ಒಳಗಾದೆವು. ಆದರೆ ಇಂಥ ಪ್ರಸಂಗಗಳಲ್ಲಿ ಮನಸ್ಸು ಕೆಲಸಮಾಡುವ ರೀತಿಯನ್ನು ತಿಳಿದುಕೊಳ್ಳುವುದು ನಮಗೆ ಹಿತ.

ಮೊದಲ ಮಗುವನ್ನು ಬಿಡಿಸಿದ ಮನೆಯವರಿಗೆ ಒಂದು ಕಾರಣವಿರಬಹುದು. ಹತ್ತನೆಯ ಮಗುವನ್ನು ಬಿಡಿಸುವವರಿಗೆ ಬಹುಶಃ ಮೊದಲ ಒಂಬತ್ತು ಮನೆಗಳೇ ಕಾರಣವಾಗಿರುತ್ತವೆ. ‘ನಾನೊಬ್ಬಳೇ ಕಳುಹಿಸಿದರೆ ಓಣಿಯವರು ಏನೆಂದಾರು?’ ಎಂಬ ಪ್ರಶ್ನೆಯು ನಮ್ಮ ಹೆಂಗಸರನ್ನು ಎಷ್ಟು ಕಟ್ಟಿಹಾಕುತ್ತದೆಂಬುದು ಯಾರಿಗೆ ತಿಳಿಯದು? ಸಾಲಮನ್ ಆಶ್ ಎಂಬ ವಿದ್ವಾಂಸನು 1951ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಕೆಲವು ಗೆರೆಗಳನ್ನು ತೋರಿಸಿ, ಯಾವುದು ಯಾವುದಕ್ಕೆ ಸಮವೆಂದು ಕೇಳಿದನು. ಉತ್ತರವು ಕಣ್ಣಿಗೆ ಸ್ಪಷ್ಟವಾಗಿಯೇ ಇದ್ದಿತು. ಆದರೆ ಮುಂಚಿತವಾಗಿ ಗೊತ್ತುಮಾಡಿದ್ದ ಕೆಲವರು ಒಟ್ಟಾಗಿ ತಪ್ಪು ಉತ್ತರವನ್ನು ಹೇಳುತ್ತಿದ್ದರು. ಅದನ್ನು ಕೇಳಿದ ಮೇಲೆ, ಪರೀಕ್ಷೆಗೆ ಬಂದವರು ಸುಮಾರು ಮೂರರಲ್ಲೊಂದು ಸಲ ತಮ್ಮ ಕಣ್ಣನ್ನು ಬಿಟ್ಟು ಗುಂಪಿನ ಮಾತನ್ನೇ ಅನುಸರಿಸಿದರು. ಆದರೆ ಆ ಗುಂಪಿನಲ್ಲಿ ಒಬ್ಬನೇ ಒಬ್ಬನು ನಿಜವನ್ನು ನುಡಿದರೆ, ಹೀಗೆ ಅನುಸರಿಸುವುದು ಬಹುವಾಗಿ ಕಡಮೆಯಾಯಿತು. ಆದಕಾರಣ, ಊರೆಲ್ಲ ಮಕ್ಕಳನ್ನು ಬಿಡಿಸುತ್ತಿರುವಾಗ ಒಬ್ಬ ತಾಯಿ ತನ್ನ ಮಗುವಿನ ತಟ್ಟೆಯನ್ನು ಪಂಕ್ತಿಯಲ್ಲಿಯೇ ಬಿಟ್ಟರೆ ಅದು ಅಲ್ಪಕಾರ್ಯವಲ್ಲ. ಮನಸ್ಸಿನಲ್ಲಿ ಒಪ್ಪದೆ ಮೌನವಾಗಿರುವ ಇನ್ನು ಐದಾರು ಮಂದಿಗೆ ಆಕೆ ಬಾಯಿ ಕೊಡುತ್ತಾಳೆ. ಓದಿದ ಹೆಣ್ಣುಮಗಳಿಂದ ಊರು ನಿರೀಕ್ಷಿಸತಕ್ಕ ಧೈರ್ಯವಿದು.

ಪೂರ್ವಗ್ರಹದ ಪೆಟ್ಟು ತಾಕುವ ಮಗುವಿನ ಕಡೆಗೂ ತಿರುಗಿ ನೋಡಬೇಕು. ಅಮೆರಿಕದಲ್ಲಿ ಕೆನೆತ್ ಕ್ಲಾರ್ಕ್ ಮತ್ತು ಮೇಮೀ ಕ್ಲಾರ್ಕ್ ಎಂಬ ನೀಗ್ರೋ ದಂಪತಿಗಳು, ತಮ್ಮ ಜನಾಂಗದ ಮೂರರಿಂದ ಏಳು ವರ್ಷದ ಮಕ್ಕಳ ಮುಂದೆ ಕಪ್ಪು ಬೊಂಬೆಯನ್ನೂ ಬಿಳಿಯ ಬೊಂಬೆಯನ್ನೂ ಇಟ್ಟು ಯಾವುದು ಒಳ್ಳೆಯದೆಂದು ಕೇಳಿದರು. ಹೆಚ್ಚಿನ ಮಕ್ಕಳು ಬಿಳಿಯದನ್ನೇ ತೋರಿಸಿದರು. ಅಷ್ಟು ಎಳೆಯ ವಯಸ್ಸಿನಲ್ಲಿಯೇ ಆ ಕೂಸುಗಳು ತಮ್ಮನ್ನು ತಾವು ಕೀಳೆಂದು ಎಣಿಸುವುದನ್ನು ಕಲಿತಿದ್ದವು. ನಮ್ಮ ದೇಶದ ಉತ್ತರಪ್ರದೇಶದಲ್ಲಿ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬವರು ನಡೆಯಿಸಿ 2006ರಲ್ಲಿ ಪ್ರಕಟಿಸಿದ ಪರೀಕ್ಷೆಯು ಇನ್ನೂ ಮನಮುಟ್ಟುವಂಥದು. ಮೇಲುಜಾತಿಯ ಮತ್ತು ಕೆಳಜಾತಿಯ ಹುಡುಗರಿಗೆ ಕಾಗದದ ಮೇಲೆ ಬರೆದ ಸುತ್ತುದಾರಿಗಳನ್ನು ಬಿಡಿಸಲು ಕೊಟ್ಟರು. ಜಾತಿಯ ಮಾತೆತ್ತದೆ ಇದ್ದಾಗ ಇಬ್ಬರೂ ಸರಿಸಮವಾಗಿ ಬಿಡಿಸಿದರು. ಕೆಲಸಕ್ಕೆ ಮುಂಚೆ ಪ್ರತಿಯೊಬ್ಬನ ಹೆಸರನ್ನೂ ಜಾತಿಯನ್ನೂ ಎಲ್ಲರೆದುರಿಗೆ ಓದಿದಾಗಲಾದರೋ, ಕೆಳಜಾತಿಯ ಹುಡುಗರ ಕೆಲಸವು ಸುಮಾರು ಐದರಲ್ಲೊಂದು ಪಾಲಿನಷ್ಟು ಇಳಿಯಿತು. ಬುದ್ಧಿ ಅದೇ, ಕೈ ಅದೇ. ನಡುವೆ ಬಂದದ್ದು ಒಂದು ಕೂಗು. ಇದನ್ನು ಓದಿದ ಉಪಾಧ್ಯಾಯಿನಿಯು ವಿದ್ಯಾರ್ಥಿವೇತನದ ದಿವಸ ‘ಇಂಥಿಂಥ ಜಾತಿಯ ಮಕ್ಕಳು ಎದ್ದು ನಿಲ್ಲಿರಿ’ ಎಂದು ತರಗತಿಯಲ್ಲಿ ಕೂಗುವುದಕ್ಕೆ ಮುನ್ನ ಒಂದು ಕ್ಷಣ ಯೋಚಿಸಬೇಡವೇ? ಅದೇ ಕೆಲಸವನ್ನು ಒಂದು ಚೀಟಿಯಿಂದ ಗುಟ್ಟಾಗಿ ಮಾಡಬಹುದು.

ಇನ್ನು ಪರಿಹಾರದ ಮಾತು. ‘ಎಲ್ಲರೂ ಹತ್ತಿರ ಹತ್ತಿರ ಬಾಳಿದರೆ ಭೇದವು ತಾನೇ ಹೋಗುತ್ತದೆ’ ಎಂದು ಹಲವರು ಹೇಳುವುದುಂಟು. ಇದು ಅರ್ಧ ಸತ್ಯ. ನಮ್ಮ ಹಳ್ಳಿಗಳಲ್ಲಿ ಊರೂ ಕೇರಿಯೂ ಎಷ್ಟೋ ಶತಮಾನಗಳಿಂದ ಕೂಗಳತೆಯಲ್ಲಿವೆ. ಮೂವತ್ತು ವರ್ಷ ಹೊಲದಲ್ಲಿ ಕೂಡಿ ದುಡಿದವರಿಗೂ ಹಟ್ಟಿಯ ಹೊರಗೇ ನೀರು ಕೊಡುತ್ತಾರೆ. ಬಿಳಿಗಿರಿರಂಗನು ಸೋಲಿಗರ ಕುಸುಮಾಲೆಯನ್ನು ಕೈಹಿಡಿದನೆಂದೂ, ಆದುದರಿಂದ ಸೋಲಿಗರು ಆತನನ್ನು ‘ಭಾವ’ ಎಂದು ಕರೆಯುತ್ತಾರೆಂದೂ ಈ ಸೀಮೆಯಲ್ಲಿ ಎಲ್ಲರೂ ಬಲ್ಲರು. ಕಂಸಾಳೆಯವರು ಹಾಡುವ ಮಾದಪ್ಪನ ಕಥೆಯಲ್ಲಿ ಸೋಲಿಗರ ಸಂಕಮ್ಮನ ಸಂಕಟವನ್ನು ಕೇಳಿ ರಾತ್ರಿಯೆಲ್ಲ ಕಣ್ಣೀರಿಡುವವರೂ ಉಂಟು. ಬೆಳಗಾದ ಮೇಲೆ ಅದೇ ಸೋಲಿಗರ ಹೆಂಗಸು ಸಂತೆಗೆ ಬಂದರೆ ‘ಕಾಡಿನವಳು’ ಎಂದು ತೂಕದಲ್ಲಿ ಮೋಸಮಾಡಲು ಅಂಜುವುದಿಲ್ಲ. ಬರಿಯ ಸಾಮೀಪ್ಯವು ಸಾಲದು. ಮೇಲುಕೀಳಿನ ಸಾಮೀಪ್ಯವು ಪೂರ್ವಗ್ರಹವನ್ನು ಇನ್ನಷ್ಟು ಗಟ್ಟಿಮಾಡುವುದೂ ಉಂಟು.

ಹಾಗಾದರೆ ಯಾವ ಸಂಪರ್ಕವು ಫಲಕಾರಿ? ಗಾರ್ಡನ್ ಆಲ್‌ಪೋರ್ಟ್ ಎಂಬ ಮನಶ್ಶಾಸ್ತ್ರಜ್ಞನು 1954ರಲ್ಲಿ ಬರೆದ ಗ್ರಂಥದಲ್ಲಿ ನಾಲ್ಕು ನಿಬಂಧನೆಗಳನ್ನು ಹೇಳಿದನು. ಕೂಡುವವರು ಸಮಾನ ಸ್ಥಾನದಲ್ಲಿರಬೇಕು. ಅವರಿಗೆ ಒಂದೇ ಗುರಿ ಇರಬೇಕು. ಆ ಗುರಿಗಾಗಿ ಪರಸ್ಪರ ಸಹಾಯದಿಂದ ದುಡಿಯಬೇಕು. ಹಿರಿಯರ, ಕಾಯಿದೆಯ ಮತ್ತು ಸಂಸ್ಥೆಯ ಬೆಂಬಲವು ಅದಕ್ಕೆ ಬಹಿರಂಗವಾಗಿ ಇರಬೇಕು. ಈ ಮಾತಿಗೆ ನಮ್ಮ ದೇಶದಲ್ಲಿಯೇ ಸಾಕ್ಷ್ಯವುಂಟು. ಮ್ಯಾಟ್ ಲೋ ಎಂಬ ಅರ್ಥಶಾಸ್ತ್ರಜ್ಞನು ಉತ್ತರಪ್ರದೇಶದ ಹಳ್ಳಿಗಳಲ್ಲಿ ತರುಣರನ್ನು ಕ್ರಿಕೆಟ್ ಪಂದ್ಯಗಳಿಗೆ ಸೇರಿಸಿ, 2021ರಲ್ಲಿ ಅದರ ಫಲವನ್ನು ಪ್ರಕಟಿಸಿದನು. ಬೇರೆ ಜಾತಿಯವರೊಡನೆ ಒಂದೇ ತಂಡದಲ್ಲಿ ಆಡಿದವರಲ್ಲಿ ಸ್ನೇಹವು ಹೆಚ್ಚಿತು. ಅವರಿಗೆ ಎದುರಾಳಿಗಳಾಗಿ ಆಡಿದವರಲ್ಲಿ ಅದು ಕಡಮೆಯಾಯಿತು. ಮೈದಾನವು ಒಂದೇ, ಏರ್ಪಾಟು ಬೇರೆ. ಹಾಗೆಯೇ ದೆಹಲಿಯ ಸಿರಿವಂತರ ಶಾಲೆಗಳು ಬಡಮಕ್ಕಳನ್ನು ಸೇರಿಸಿಕೊಳ್ಳಬೇಕಾಗಿ ಬಂದಾಗ ಆದ ಪರಿಣಾಮವನ್ನು ಗೌತಮ ರಾವ್ ಎಂಬವರು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದರು. ಬಡ ಸಹಪಾಠಿಗಳೊಡನೆ ಓದಿದ ಸಿರಿವಂತರ ಮಕ್ಕಳು ಹೆಚ್ಚು ಉದಾರಿಗಳಾದರು. ಓಟದ ಪಂದ್ಯಕ್ಕೆ ಜೊತೆಗಾರರನ್ನು ಆರಿಸುವಾಗ ಬಡವರನ್ನು ಬಿಡುವುದು ಕಡಮೆಯಾಯಿತು. ಗಣಿತದಲ್ಲಿಯೂ ಹಿಂದಿಯಲ್ಲಿಯೂ ಅವರ ಕಲಿಕೆಗೆ ನಷ್ಟವಾಗಲಿಲ್ಲ. ಇಂಗ್ಲಿಷಿನಲ್ಲಿ ಮಾತ್ರ ಅತ್ಯಲ್ಪವಾದ ಇಳಿತವು ಕಂಡಿತು. ‘ಅಂಥವರ ಜೊತೆಯಲ್ಲಿ ಕುಳಿತರೆ ನಮ್ಮ ಮಗು ಕೆಟ್ಟೀತು’ ಎಂದು ಅಂಜುವ ಪೋಷಕರು ಈ ಫಲವನ್ನು ದಯಮಾಡಿ ಆಲೋಚಿಸಬೇಕು.

ಇದನ್ನು ಓದುವಾಗ, ‘ನಮ್ಮ ಮಿಶನ್ ಶಾಲೆಯಲ್ಲಿ ಎಲ್ಲ ಕುಲದ ಹೆಣ್ಣುಮಕ್ಕಳೂ ಒಂದೇ ಬೆಂಚಿನ ಮೇಲೆ ಕುಳಿತವರಲ್ಲವೇ? ಈ ಪಾಠ ನಮಗೇಕೆ?’ ಎಂದು ಕೆಲವರಿಗೆ ತೋರಬಹುದು. ಬೆಂಚು ಒಂದೇ ಆಗಿತ್ತೆಂಬುದು ದೊಡ್ಡ ವಿಷಯವೇ ಸರಿ. ಆದರೆ ಬೆಂಚಿನಿಂದ ಎದ್ದ ಮೇಲೆ ನಾವು ಯಾರ ಮನೆಗೆ ಉಣ್ಣಲು ಹೋದೆವು, ನಮ್ಮ ಮಕ್ಕಳ ಹುಟ್ಟುಹಬ್ಬಕ್ಕೆ ಯಾರನ್ನು ಕರೆದೆವು, ಸೊಸೆಯನ್ನು ಹುಡುಕುವಾಗ ಮೊದಲು ಏನನ್ನು ಕೇಳಿದೆವು? ಕ್ರೈಸ್ತರಾದವರೂ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾರರು. ತಿರುಚಿನಾಪಳ್ಳಿಯ ಒಂದು ಕ್ರೈಸ್ತ ಶ್ಮಶಾನದಲ್ಲಿ ಸತ್ತವರನ್ನೂ ಜಾತಿಯಿಂದ ಬೇರ್ಪಡಿಸುವ ಗೋಡೆಯನ್ನು ಕಟ್ಟಿದ್ದುಂಟು. ದೀಕ್ಷಾಸ್ನಾನದ ನೀರು ತೊಳೆಯದ ಕಲೆಯನ್ನು ಶಾಲೆಯ ಬೆಂಚೊಂದೇ ತೊಳೆಯುವುದೆಂದು ನಂಬುವುದು ಹೇಗೆ?

ಆದುದರಿಂದ ನನ್ನ ಬಿನ್ನಹವು ಮೂರು. ಮೊದಲನೆಯದು ಮನೆಗೆ ಸಂಬಂಧಿಸಿದ್ದು. ಕೆಲಸದವರಿಗೆಂದು ಪ್ರತ್ಯೇಕವಾದ ಲೋಟವಿದ್ದರೆ ಅದನ್ನು ಈ ದಿನವೇ ಇತರ ಲೋಟಗಳೊಂದಿಗೆ ಸೇರಿಸಿರಿ; ಯಾವ ಜನಾಂಗವನ್ನೇ ಆಗಲಿ ‘ಅವರೆಲ್ಲ ಹೀಗೆಯೇ’ ಎಂದು ಮಗುವಿನ ಮುಂದೆ ಆಡದಿರಿ. ಎರಡನೆಯದು ಶಾಲೆಗೆ ಸಂಬಂಧಿಸಿದ್ದು. ಬಡಿಸುವ ಸರದಿ, ತೋಟದ ಕೆಲಸ, ಆಟದ ತಂಡ, ನಾಟಕದ ಪಾತ್ರ ಇವುಗಳಲ್ಲಿ ಮಕ್ಕಳನ್ನು ಬೇಕೆಂದೇ ಬೆರಸಿ, ಮುಂದಾಳುತನವು ಸರದಿಯ ಮೇಲೆ ಎಲ್ಲರಿಗೂ ಬರುವಂತೆ ಮಾಡತಕ್ಕದ್ದು. ಪೋಡಿನಿಂದ ಬಂದ ಬಾಲಕಿಯು ಯಾವಾಗಲೂ ಗುಡಿಸುವವಳಾಗಿಯೇ ಉಳಿದರೆ ಒಂದೇ ಬೆಂಚಿನಿಂದ ಪ್ರಯೋಜನವಿಲ್ಲ. ಮೂರನೆಯದು ಊರಿಗೆ ಸಂಬಂಧಿಸಿದ್ದು. ನಿಮ್ಮ ಊರಿನ ಶಾಲೆಯಲ್ಲಿ ಅಡಿಗೆಯವರು ಯಾರೇ ಇರಲಿ, ಹಳೆಯ ವಿದ್ಯಾರ್ಥಿನಿಯರು ವರ್ಷಕ್ಕೆ ಒಂದೆರಡು ಸಲವಾದರೂ ಹೋಗಿ ಮಕ್ಕಳ ಪಂಕ್ತಿಯಲ್ಲಿ ಕುಳಿತು, ಅವರು ಬಡಿಸಿದ್ದನ್ನು ಉಣ್ಣಿರಿ. ಇದಕ್ಕೆ ಭಾಷಣ ಬೇಡ, ಹಾರ ಬೇಡ. ಮಕ್ಕಳು ನೋಡುತ್ತಾರೆ, ಮನೆಗೆ ಹೋಗಿ ಹೇಳುತ್ತಾರೆ, ಮರುದಿನ ಓಣಿಯಲ್ಲಿ ಆ ಮಾತು ನಡೆಯುತ್ತದೆ.

ಪೂರ್ವಗ್ರಹವು ಬಹುಕಾಲದ್ದೆಂದು ಧೈರ್ಯಗೆಡಬೇಕಾಗಿಲ್ಲ. ಹುಟ್ಟುವಾಗ ಯಾವ ಮಗುವೂ ನೆರೆಮನೆಯ ಕುಲವನ್ನು ತಿಳಿದು ಹುಟ್ಟುವುದಿಲ್ಲ. ಅದನ್ನು ನಾವು ಕಲಿಸುತ್ತೇವೆ; ಆದಕಾರಣ ಕಲಿಸದೆ ಇರುವುದೂ ನಮ್ಮಿಂದ ಸಾಧ್ಯ. ಮುಂದಿನ ಜೂನಿನಲ್ಲಿ ಈ ಸೀಮೆಯ ಶಾಲೆಗಳು ಮತ್ತೆ ತೆರೆಯುವಾಗ ಎಷ್ಟೋ ಹೊಸ ಮಕ್ಕಳು ತಟ್ಟೆ ಹಿಡಿದು ಸಾಲಿನಲ್ಲಿ ಕುಳ್ಳಿರುವರು. ಆ ಸಾಲು ಒಂದೇ ಆಗಿರುವಂತೆ ನೋಡಿಕೊಳ್ಳುವ ಹೊಣೆಯು ನಮ್ಮೆಲ್ಲರದು.